ಅಜ್ಜನ ಜಿಟಿಒ, ನನ್ನ ಏಣಿ

ಕಾರುಗಳ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ನಾಲ್ಕು ಚಕ್ರ, ಒಂದು ಸ್ಟೀರಿಂಗು, ಪೆಟ್ರೋಲ್ ಹಾಕಿದರೆ ಓಡುತ್ತದೆ. ಡೆಟ್ರಾಯಿಟ್ ಪಕ್ಕದಲ್ಲೇ ಇದ್ದುಕೊಂಡು ಹೀಗನ್ನುವುದು ಮೈಸೂರಲ್ಲಿದ್ದು ಮೈಸೂರುಪಾಕ್ ತಿಂದಿಲ್ಲ ಅಂದ ಹಾಗೆ. ಆದರೂ ನಿಜ. ಕಳೆದ ಚಳಿಗಾಲದವರೆಗೂ ಹಾಗೇ ಇತ್ತು.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ವಯಸ್ಸು ಎಂಬತ್ತರ ಹತ್ತಿರ, ಕಾರ್ ಫ್ಯಾಕ್ಟರಿಯಲ್ಲಿ ದುಡಿದು ರಿಟೈರ್ ಆದವರು, ಒಬ್ಬರೇ ಇರುವುದು. ಅವರ ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ಮಲಗಿರುವುದು 1966ರ ಪಾಂಟಿಯಾಕ್ ಜಿಟಿಒ. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಇಂಜಿನ್ ಕೂರಿಸಿ, ಪಡ್ಡೆ ಹುಡುಗರಿಗೂ ಕೈಗೆಟಕುವ ಬೆಲೆಗೆ ಮಾರಿದ 'ಮಸಲ್ ಕಾರ್'ಗಳ ಕಾಲ ಶುರುವಾದದ್ದೇ 1964ರಲ್ಲಿ ಬಂದ ಜಿಟಿಒದಿಂದ ಅನ್ನುತ್ತಾರೆ. ಇದರದ್ದು 389 ಘನ ಇಂಚಿನ ವಿ-8 ಇಂಜಿನ್. ನಮ್ಮ ಲೆಕ್ಕದಲ್ಲಿ 6.4 ಲೀಟರ್! ಪಾಂಟಿಯಾಕ್ ಅನ್ನೋ ಹೆಸರನ್ನೇ ಜನರಲ್ ಮೋಟರ್ಸ್ 2010ರಲ್ಲಿ ಮುಚ್ಚಿಬಿಟ್ಟಿತು. ಅಜ್ಜ ಇದನ್ನು ಸೆಕೆಂಡ್ ಹ್ಯಾಂಡ್ ಕೊಂಡು, ಮದುವೆಯಾಗಿ, ಹೆಂಡತಿಯನ್ನು ಇದರಲ್ಲೇ ಮನೆಗೆ ಕರೆತಂದದ್ದಂತೆ. ಆಕೆ ತೀರಿಹೋಗಿ ಮೂರು ವರ್ಷ.

ಇಂಥಾ ಕಾರಿನ ಮೇಲೆ ನಾನು ಏಣಿ ಬೀಳಿಸಿದೆ.

ಬೇಕಂತ ಅಲ್ಲ ಮಾರಾಯ್ರೆ. ಅಟ್ಟದ ಮೇಲಿನ ಡಬ್ಬ ಇಳಿಸಿಕೊಡು ಅಂದರು, ಇಳಿಸಿಕೊಟ್ಟೆ. ಏಣಿ ವಾಪಸ್ ಇಡುವಾಗ ಕೈ ಜಾರಿತು. ಠಣ್! ಹಿಂದಿನ ಗಾಜಿನ ಸುತ್ತ ಹೊಳೆಯುವ ಪಟ್ಟಿ ಇರುತ್ತದಲ್ಲ, ಅದರ ಮೇಲ್ತುದಿಯ ಮೂಲೆ ಹತ್ತಿರ ಒಂದು ರೂಪಾಯಿ ನಾಣ್ಯದಷ್ಟು ಅಗಲ ತಗ್ಗು. ಗಾಜಿಗೇನೂ ಆಗಲಿಲ್ಲ, ಅದು ನನ್ನ ಪುಣ್ಯ. ಅಜ್ಜ ಏನೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ರಾತ್ರಿಯೆಲ್ಲಾ ಇಂಟರ್ನೆಟ್ ಜಾಲಾಡಿ ಬೆಳಗ್ಗೆ ಹೋಗಿ, "ಹೊಸ ಪಟ್ಟಿ ನಾನೇ ತರಿಸಿಕೊಡ್ತೀನಿ" ಅಂದೆ. ಅಜ್ಜ ತಲೆಯಾಡಿಸಿದರು. ಈಗ ಮಾಡುವ ನಕಲು ಪಟ್ಟಿಗಳು ಮೂಲೆಯಲ್ಲಿ ಸರಿಯಾಗಿ ಕೂರುವುದಿಲ್ಲವಂತೆ. "ಇದು ಸ್ಟೇನ್‌ಲೆಸ್ ಸ್ಟೀಲು, ಸರಿಯಾಗುತ್ತೆ. ಆದರೆ ನನ್ನ ಕೈ ನೋಡು" ಅಂತ ಎರಡೂ ಕೈ ಮುಂದೆ ಚಾಚಿದರು. ಸಣ್ಣಗೆ ನಡುಗುತ್ತಿದ್ದವು. "ಕೈ ನಿನ್ನದು, ಕಣ್ಣು ನನ್ನದು." ಅಷ್ಟೇ ಒಪ್ಪಂದ.

ಹೊಳೆಯುವುದೆಲ್ಲಾ ಕ್ರೋಮ್ ಅಂತಲೇ ನಾನು ತಿಳಿದಿದ್ದೆ. ಅಲ್ಲ. ಬಂಪರಿನದು ಸ್ಟೀಲಿನ ಮೇಲೆ ಲೇಪಿಸಿದ ಕ್ರೋಮ್, ಉಜ್ಜಿ ತೆಗೆದರೆ ಹೋಯಿತು, ಮತ್ತೆ ಲೇಪ ಹಾಕಿಸಬೇಕು. ಹಳೇ ಕಾರುಗಳ ಕೆಲವು ಪಟ್ಟಿಗಳು ಆನೊಡೈಸ್ ಮಾಡಿದ ಅಲ್ಯೂಮಿನಿಯಂ, ಅವುಗಳ ಹೊರಪದರವನ್ನು ಮೊದಲು ಕಾಸ್ಟಿಕ್ ಸೋಡಾದಲ್ಲಿ ಕಳಚಬೇಕು. ಸ್ಟೇನ್‌ಲೆಸ್ ಮಾತ್ರ ಒಳಗೂ ಹೊರಗೂ ಒಂದೇ, ಎಷ್ಟು ಉಜ್ಜಿದರೂ ಅದೇ ಲೋಹ. ಏಣಿ ಬಿದ್ದದ್ದು ಸರಿಯಾದ ಜಾಗಕ್ಕೇ ಅನ್ನಿ :-)

ಪಟ್ಟಿ ಬಿಚ್ಚುವುದಕ್ಕೇ ಒಂದು ಭಾನುವಾರ ಹೋಯಿತು. ಅದನ್ನು ಹಿಡಿದಿರುವುದು ಒಳಗೆ ಅಡಗಿರುವ ಕ್ಲಿಪ್ಪುಗಳು. ತುದಿಯಲ್ಲಿ ಕೊಕ್ಕೆ ಇರುವ ತೆಳ್ಳಗಿನ ತಗಡಿನಂಥ ಉಪಕರಣವನ್ನು ಗಾಜಿಗೂ ಪಟ್ಟಿಗೂ ನಡುವೆ ತೂರಿಸಿ, ಕ್ಲಿಪ್ಪು ಕೈಗೆ ತಾಕುವವರೆಗೂ ಸರಿಸಿ, ಮೆಲ್ಲಗೆ ಎಳೆಯಬೇಕು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗಬೇಕು. ಅವಸರ ಮಾಡಿದರೆ ಇದ್ದ ಒಂದು ತಗ್ಗಿನ ಜೊತೆ ಇನ್ನೊಂದು ಮಡಿಕೆ.

ಪಟ್ಟಿ ಎದ್ದು ಬಂತು. ಕೆಳಗೆ ದಶಕಗಳ ಮಣ್ಣು, ಒಣಗಿದ ಎಲೆಯ ಪುಡಿ, ಅದರಡಿ ಕಂದು ಬಣ್ಣದ ತುಕ್ಕು. ಮಳೆನೀರು ಅಲ್ಲೇ ನಿಂತು ತಗಡನ್ನು ತಿನ್ನುತ್ತಿತ್ತು. ಹಾಗೇ ಬಿಟ್ಟಿದ್ದರೆ ತೂತಾಗಿ ನೀರು ಡಿಕ್ಕಿಗೆ ಇಳಿಯುತ್ತಿತ್ತಂತೆ. ಅಜ್ಜ ಬಗ್ಗಿ ನೋಡಿ, "ನೀನು ಏಣಿ ಬೀಳಿಸದೇ ಇದ್ದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ" ಅಂದರು. ನನ್ನನ್ನು ಸಮಾಧಾನ ಮಾಡಲು ಅಂದದ್ದೋ, ನಿಜವೋ. ಎರಡೂ ಇರಬಹುದು. ತಂತಿ ಬ್ರಶ್ಶಿನಲ್ಲಿ ಕೆರೆದು, ತುಕ್ಕಿಗೆ ಮದ್ದು ಬಳಿದು, ಪ್ರೈಮರ್ ಹಚ್ಚಲು ಇನ್ನೆರಡು ವಾರಾಂತ್ಯ.

ಆಮೇಲೆ ತಗ್ಗಿನ ಕೆಲಸ. ಗಟ್ಟಿ ಮರದ ತುಂಡಿನ ಮೇಲೆ ಪಟ್ಟಿಯನ್ನು ಬೋರಲು ಹಾಕಿ, ಹಿಂದಿನಿಂದ ಮೊಂಡು ತುದಿಯ ಸಲಾಕೆ ಇಟ್ಟು ಪುಟ್ಟ ಸುತ್ತಿಗೆಯಲ್ಲಿ ತಟ್ಟುವುದು. ತಗ್ಗಿನ ಅಂಚಿನಿಂದ ಶುರುಮಾಡಿ ನಡುವಿಗೆ. ಒಂದು ಜೋರು ಏಟಲ್ಲ, ನೂರು ಸಣ್ಣ ಏಟು. ಜೋರಾಗಿ ಹೊಡೆದರೆ ಲೋಹ ಹಿಗ್ಗಿ ಗುಬುಟಾಗುತ್ತದೆ, ಹಿಗ್ಗಿದ್ದನ್ನು ಕುಗ್ಗಿಸುವುದು ಮಹಾ ಕಷ್ಟ. ಮಧ್ಯೆ ಮಧ್ಯೆ ಮೇಲೆ ಅರ ಆಡಿಸಬೇಕು. ಉಬ್ಬಿದ ಕಡೆ ಅರ ಗೀರುತ್ತದೆ, ತಗ್ಗಿರುವ ಕಡೆ ಮುಟ್ಟದೆ ದಾಟುತ್ತದೆ. ಇನ್ನೆಲ್ಲಿ ತಟ್ಟಬೇಕು ಅಂತ ಅದೇ ತೋರಿಸಿಕೊಡುತ್ತದೆ. ನಮ್ಮ ಡೀಬಗ್ಗರುಗಳಿಗೂ ಇಷ್ಟು ಪ್ರಾಮಾಣಿಕತೆ ಇಲ್ಲ.

ನಂತರ ಉಪ್ಪುಕಾಗದ. 220, 400, 600, 800. ಪ್ರತಿಸಲ ದಿಕ್ಕು ಬದಲಿಸಿ, ಹಿಂದಿನ ಗೀರು ಪೂರ್ತಿ ಮಾಯವಾಗುವವರೆಗೆ. ಊರಲ್ಲಿ ಅಜ್ಜಿ ಹುಣಸೆಹಣ್ಣು ಹಚ್ಚಿ ತಾಮ್ರದ ಹಂಡೆ ಬೆಳಗುವಾಗ, "ಸಾಕು ಬಿಡಜ್ಜೀ" ಅಂತ ರಾಗ ಎಳೆಯುತ್ತಿದ್ದವನು ನಾನೇ.

ಕೊನೆಗೆ ಬಫಿಂಗ್ ಮೋಟರು. ಅಜ್ಜ ಮೊದಲು ಒಂದು ಗುಜರಿ ಪಟ್ಟಿ ಕೊಟ್ಟು, "ಇದನ್ನು ಹಾಳು ಮಾಡು" ಅಂದರು. ಮಾಡಿದೆ! ಚಕ್ರ ಯಾವಾಗಲೂ ಪಟ್ಟಿಯ ಅಂಚಿನಿಂದ ಹೊರಕ್ಕೆ ತಿರುಗಬೇಕು. ಅಂಚಿಗೆ ಎದುರಾಗಿ ಒಡ್ಡಿದೆನೋ ಇಲ್ಲವೋ, ಕೈಯಿಂದ ಕಿತ್ತುಕೊಂಡು ಗೋಡೆಗೆ ಎಸೆದೇಬಿಟ್ಟಿತು. ಎತ್ತಿ ನೋಡಿದರೆ ಪಟ್ಟಿ ಕುದುರೆ ಲಾಳದಂತೆ ಬಗ್ಗಿತ್ತು. ಕೈಗವಸು, ಕನ್ನಡಕ ಇದ್ದದ್ದಕ್ಕೆ ಈಗ ಈ ಬರಹ ಟೈಪ್ ಮಾಡುತ್ತಿದ್ದೇನೆ. ಅಸಲಿ ಪಟ್ಟಿಯ ಸರದಿ ಬಂದಾಗ ಅದನ್ನು ಉದ್ದ ಮರದ ಪಟ್ಟಿಗೆ ಬಿಗಿದು, ಚಕ್ರದ ಕೆಳಭಾಗಕ್ಕೆ ಹಿಡಿದು, ಉಸಿರು ಬಿಗಿಹಿಡಿದು ಮಾಡಿದೆ. ಅಜ್ಜ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಒಂದು ಸಲವೂ ಮಾತಾಡಲಿಲ್ಲ.

ಹೊಳಪು ಬಂತು. ನನ್ನ ಮುಖ ಕಾಣುವಷ್ಟು. ಆದರೆ ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದರೆ ಬೆಳಕಿನ ಗೆರೆ ಒಂದು ಕಡೆ ಸಣ್ಣಗೆ ಬಳುಕುತ್ತಿತ್ತು. ನಾನು ಬಾಯಿಬಿಡಲಿಲ್ಲ. ಅಜ್ಜ ಆ ನಡುಗುವ ಬೆರಳನ್ನು ಪಟ್ಟಿಯ ಮೇಲೆ ಎಳೆಯುತ್ತಾ ಹೋಗಿ ಸರಿಯಾಗಿ ಅಲ್ಲೇ ನಿಲ್ಲಿಸಿದರು. "ಇನ್ನೂ ತಟ್ಟಲಾ?" ಅಂದೆ. "ಬೇಡ. ಸಾಕು ಅನ್ನೋದು ಗೊತ್ತಿರಬೇಕು. ಕೂರಿಸು."

ಆಗಸ್ಟಿನ ಮೂರನೇ ಶನಿವಾರ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳ ಜಾತ್ರೆ, 'ಡ್ರೀಮ್ ಕ್ರೂಸ್' ಅಂತಾರೆ, 1995ರಿಂದ ಶುರುವಾದದ್ದು. ಅಜ್ಜ ಹೆಂಡತಿ ತೀರಿಕೊಂಡ ಮೇಲೆ ಹೋಗಿರಲಿಲ್ಲ. ಈ ಸಲ ಹೊರಟರು, ಪಕ್ಕದ ಸೀಟಿನಲ್ಲಿ ನಾನು. ಸಿಗ್ನಲ್ಲಿನಲ್ಲಿ ನಿಂತಾಗ ಪುಟ್‌ಪಾತಿನ ಜನ ಕೈ ಬೀಸಿ ಫೋಟೋ ತೆಗೆಯುತ್ತಿದ್ದರು. ನಾನು ಮಾತ್ರ ಹಿಂದೆ ತಿರುಗಿ ಆ ಮೂಲೆಯನ್ನೇ ನೋಡುತ್ತಿದ್ದೆ.

"ಮುಂದೆ ನೋಡಯ್ಯಾ" ಅಂದರು ಅಜ್ಜ. "ಮುಂದಿನ ಗಾಜಿನ ಪಟ್ಟಿ ಕೆಳಗೂ ತುಕ್ಕು ಇರಬಹುದು. ಮುಂದಿನ ಭಾನುವಾರ ಬಿಡುವಿದೆಯಾ?"