ಉಬ್ಬುವ ಮೀನಿನ ಉಸಾಬರಿ

ವಿಜ್ಞಾನದ ಮೇಷ್ಟರಾಗಿದ್ದವರಿಗೆ ನಿವೃತ್ತಿಯ ಅನಂತರವೂ ಪ್ರಶ್ನೆಗಳಿಂದ ಬಿಡುಗಡೆಯಿಲ್ಲ. ಮಲ್ಪೆಯಲ್ಲಿ ದೋಣಿ ಇಟ್ಟುಕೊಂಡಿರುವ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ದೂರವಾಣಿ ಮಾಡಿ, "ಸರ್, ಬಲೆಗೆ ಪಫರ್ ಮೀನು ಬಹಳ ಬೀಳುತ್ತಿದೆ. ಚೆನ್ನಾಗಿ ಹುರಿದರೆ ತಿನ್ನಬಹುದಲ್ಲವೇ?" ಎಂದು ಕೇಳಿದ. ಮನೆಯಲ್ಲಿ ಎರಡು ಚಿಕ್ಕ ಮಕ್ಕಳಿರುವವನು. ಕೂಡದು ಎಂದಷ್ಟೇ ಹೇಳಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಕರಾವಳಿಯ ಬಂಧುಗಳಿಗೂ ಉಪಯೋಗವಾದೀತೆಂದು ಅವನಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತಿದ್ದೇನೆ.

ಹುರಿದರೂ ಕುದಿಸಿದರೂ ಈ ಮೀನಿನ ವಿಷ ಹೋಗುವುದಿಲ್ಲ. ಟೆಟ್ರೊಡೊಟಾಕ್ಸಿನ್ ಎಂಬ ಆ ವಸ್ತು ಯಕೃತ್ತಿನಲ್ಲೂ ಅಂಡಾಶಯದಲ್ಲೂ ಹೆಚ್ಚು. ಕೆಲವು ಜಾತಿಗಳಲ್ಲಿ ಚರ್ಮ, ಮಾಂಸಗಳಲ್ಲೂ ಉಂಟು. ನಮ್ಮ ನರಕೋಶಗಳ ಹೊದಿಕೆಯಲ್ಲಿ ಸೋಡಿಯಂ ಅಯಾನುಗಳು ಒಳಹೋಗುವ ಸೂಕ್ಷ್ಮ ದ್ವಾರಗಳಿವೆ. ಬಾಟಲಿಗೆ ಬಿರಡೆ ಜಡಿದಂತೆ ವಿಷವು ಅವುಗಳನ್ನು ಮುಚ್ಚಿಬಿಡುತ್ತದೆ. ಮೊದಲು ತುಟಿ, ನಾಲಿಗೆ ಜೋಮು ಹಿಡಿಯುತ್ತವೆ. ವಿಷ ಹೆಚ್ಚಾಗಿದ್ದರೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. ರೋಗಿಗೆ ಎಷ್ಟೋ ವೇಳೆ ಎಚ್ಚರವಿರುತ್ತದೆ, ಮಾತಾಡಲು ಆಗದು. ಪ್ರತಿವಿಷವಿಲ್ಲ. ಕೃತಕ ಉಸಿರಾಟ ಕೊಟ್ಟು ವಿಷ ಇಳಿಯುವವರೆಗೆ ಕಾಯಬೇಕು. ಆದ್ದರಿಂದ ತುಟಿ ಜುಮ್ಮೆಂದರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಓಡಬೇಕು.

1774ರಲ್ಲಿ ನ್ಯೂ ಕ್ಯಾಲಿಡೋನಿಯಾದ ಬಳಿ ಕ್ಯಾಪ್ಟನ್ ಜೇಮ್ಸ್ ಕುಕ್ ಇಂಥ ಮೀನಿನ ಯಕೃತ್ತನ್ನು ರುಚಿ ನೋಡಿ, ಕೈಕಾಲು ಮರಗಟ್ಟಿ, ಕಷ್ಟದಿಂದ ಪಾರಾದ. ಅದರ ಕರುಳನ್ನು ತಿಂದ ಹಂದಿ ಸತ್ತಿತು.

"ಜಪಾನಿನವರು ತಿನ್ನುತ್ತಾರಲ್ಲ?" ಎಂದು ಶಿಷ್ಯ ವಾದಿಸಿದ. (ತರಗತಿಯಲ್ಲೂ ಹಾಗೆಯೇ ಇದ್ದ.) ಅಲ್ಲಿ ಫುಗು ಸಿದ್ಧಪಡಿಸಲು ತರಬೇತಿ ಪಡೆದು ಪರವಾನಗಿ ಹೊಂದಿರಬೇಕು, ಆಗಲೂ ಯಕೃತ್ತನ್ನು ಬಡಿಸುವಂತಿಲ್ಲ.

ಹಾಗಾದರೆ ಮೀನು ತಾನೇಕೆ ಸಾಯುವುದಿಲ್ಲ? ಅದರ ಸೋಡಿಯಂ ದ್ವಾರಗಳ ರಚನೆ ತುಸು ಬದಲಾಗಿದ್ದು, ಬಿರಡೆ ಸರಿಯಾಗಿ ಕೂರುವುದಿಲ್ಲ. ವಿಷವೂ ಮೀನಿನ ಸ್ವಂತದ್ದಲ್ಲ. ಬ್ಯಾಕ್ಟೀರಿಯಾಗಳಲ್ಲಿ ಹುಟ್ಟಿ ಆಹಾರದ ಮೂಲಕ ಬರುತ್ತದೆ. ವಿಷರಹಿತ ಆಹಾರ ಕೊಟ್ಟು ಸಾಕಿದವುಗಳಲ್ಲಿ ಅದು ಬಹುಮಟ್ಟಿಗೆ ಇರುವುದೇ ಇಲ್ಲ.

ಉಬ್ಬುವುದು ಸರಳ ಉಪಾಯ. ಪಕ್ಕೆಲುಬಿಲ್ಲದ ಈ ನಿಧಾನಗತಿಯ ಪ್ರಾಣಿ ಗಟಗಟನೆ ನೀರು ಕುಡಿದು, ನೆರಿಗೆಗಟ್ಟಿದ ಹೊಟ್ಟೆಯನ್ನು ಚೆಂಡಾಗಿಸುತ್ತದೆ. ದಡಕ್ಕೆಳೆದಾಗ ಗಾಳಿ ನುಂಗುತ್ತದೆ. ಅದನ್ನು ಹೊರಹಾಕುವುದು ಅದಕ್ಕೆ ಕಷ್ಟ. ಮಕ್ಕಳು ಒದ್ದು ಆಡುವುದು ಅಂಥ ಸಂಕಟದಲ್ಲಿರುವ ಜೀವವನ್ನು.

ಇದೇ ಬಳಗದ ಮತ್ತೊಂದು ಮೀನು ಜಪಾನಿನ ಅಮಾಮಿ ದ್ವೀಪದ ಕಡಲತಳದಲ್ಲಿದೆ. ಗೇಣುದ್ದವೂ ಇಲ್ಲದ ಗಂಡು, ರೆಕ್ಕೆಗಳಿಂದ ಮರಳು ತೋಡಿ ಸುಮಾರು ಎರಡು ಮೀಟರ್ ಅಗಲದ ರಂಗೋಲಿಯನ್ನು ವಾರಕ್ಕೂ ಹೆಚ್ಚು ಕಾಲ ಬಿಡಿಸುತ್ತದೆ. ಹೆಣ್ಣು ಮೆಚ್ಚಿದರೆ ನಡುವೆ ಮೊಟ್ಟೆಯಿಟ್ಟು ಹೋಗುತ್ತದೆ. ಮರಿಯಾಗುವವರೆಗೆ ಕಾವಲು ಗಂಡಿನದೇ. ಅನಂತರ ಆ ರಂಗೋಲಿಯನ್ನು ಅದು ಮತ್ತೆ ಬಳಸುವುದಿಲ್ಲ. ಬೇರೊಂದು ಜಾಗದಲ್ಲಿ ಹೊಸದನ್ನೇ ತೊಡಗುತ್ತದೆ.