ಲಕ್ವಾ ಎಂದು ಕೈಚೆಲ್ಲಬೇಡಿ

ಮುಖ ಒಂದು ಬದಿಗೆ ವಾಲಿದರೂ ಲಕ್ವಾ, ಕೈಕಾಲು ಬಿದ್ದುಹೋದರೂ ಲಕ್ವಾ. ನಮ್ಮ ನವಲಗುಂದ, ಅಣ್ಣಿಗೇರಿ ಕಡೆ ಎರಡಕ್ಕೂ ಇದೊಂದೇ ಮಾತು. ಅರಬಿಯಲ್ಲಿ ಈ ಪದ ಇರುವುದು ಮುಖದ ಪಾರ್ಶ್ವವಾಯುವಿಗೆ. ಸಾವಿರ ವರ್ಷಗಳ ಹಿಂದೆಯೇ ಅಲ್-ರಾಝಿ, ಇಬ್ನ್ ಸೀನಾ ತಮ್ಮ ವೈದ್ಯಗ್ರಂಥಗಳಲ್ಲಿ ಅದರ ಬಗ್ಗೆ ಬರೆದಿದ್ದಾರೆ. ನಾವು ಎರಡನ್ನೂ ಬೆರೆಸಿಬಿಟ್ಟೆವು, ಹಾಗಾಗಿ ಭಯವೂ ಬೆರೆತುಹೋಯಿತು.

ಅಣ್ಣಿಗೇರಿಯಲ್ಲಿರುವ ನನ್ನ ನಾದಿನಿಗೆ ಇದು ಬಂದಾಗ ಮದುವೆಗೆ ಎರಡೇ ತಿಂಗಳಿತ್ತು. ರಾತ್ರಿ ಕಿವಿಯ ಹಿಂದೆ ನೋವು ಎಂದಿದ್ದಳು. ಬೆಳಿಗ್ಗೆ ವುಝೂ ಮಾಡುವಾಗ ಮುಕ್ಕಳಿಸಿದ ನೀರು ಎಡತುಟಿಯಂಚಿನಿಂದ ಸೋರಿತು. ಎಡಗಣ್ಣು ಮುಚ್ಚಲಿಲ್ಲ. ಬಸ್ಸಿನ ಕಿಟಕಿಯ ಥಂಡಿ ಗಾಳಿ ಬಡಿದಿದೆ ಎಂದರು ಅತ್ತೆ. ನೆರೆಯವರು ಪಾರಿವಾಳದ ರಕ್ತ ಹಚ್ಚಲು ಹೇಳಿದರು. "ಭಾಬೀ, ಹುಡುಗನ ಮನೆಯವರಿಗೆ ಏನು ಹೇಳೋದು?" ಎಂದು ಅವಳು ಓಢಣಿಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅದೇ ದಿನ ಹುಬ್ಬಳ್ಳಿಗೆ ಹೋದೆವು. ವೈದ್ಯರು ಹುಬ್ಬು ಮೇಲೆತ್ತಲು ಹೇಳಿದರು. ಎಡ ಹಣೆಯಲ್ಲಿ ಗೆರೆ ಮೂಡಲಿಲ್ಲ. ಮಿದುಳಿನ ಆಘಾತದಲ್ಲಿ ಸಾಮಾನ್ಯವಾಗಿ ಹಣೆ ಚಲಿಸುತ್ತದಂತೆ. ಇದು ಬೆಲ್ಸ್ ಪಾಲ್ಸಿ ಎಂದರು. ಆದರೆ ಸಹೋದರಿಯರೇ, ಈ ಪರೀಕ್ಷೆಯನ್ನು ಮನೆಯಲ್ಲೇ ಮಾಡಿ ಸುಮ್ಮನಾಗಬೇಡಿ. ಮುಖ ವಾಲಿದರೆ, ಅದರಲ್ಲೂ ಕೈ ಸೋತರೆ, ಮಾತು ತೊದಲಿದರೆ, ತಕ್ಷಣ ಆಸ್ಪತ್ರೆಗೆ ಹೋಗಿ.

ಮುಖದ ನರ ಕಿವಿಯ ಹಿಂದಿನ ಎಲುಬಿನ ಇಕ್ಕಟ್ಟಾದ ಕೊಳವೆಯಲ್ಲಿ ಸಾಗುತ್ತದೆ. ಅದು ಊದಿಕೊಂಡರೆ ಜಾಗವಿಲ್ಲದೆ ಹಿಸುಕಿದಂತಾಗುತ್ತದೆ. ಊದಲು ಕಾರಣ ವೈರಸ್ ಇರಬಹುದೆಂಬ ಅನುಮಾನ ಬಲವಾಗಿದೆ. ತುಟಿಯಂಚಿನಲ್ಲಿ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ವರ್ಷಾನುಗಟ್ಟಲೆ ನರದಲ್ಲಿ ಮಲಗಿದ್ದು ಏಳಬಲ್ಲದು. 1996ರಲ್ಲಿ ಜಪಾನಿನ ವೈದ್ಯರು 14 ರೋಗಿಗಳ ಪೈಕಿ 11 ಮಂದಿಯ ನರದ ದ್ರವದಲ್ಲಿ ಅದರ ಗುರುತು ಕಂಡರು. ಆದರೂ ವೈರಸ್ ಮಾತ್ರೆಯೊಂದರಿಂದಲೇ ಲಾಭ ಕಾಣಲಿಲ್ಲ. 2007ರ ಸ್ಕಾಟ್‌ಲೆಂಡ್ ಅಧ್ಯಯನದಲ್ಲಿ 72 ಗಂಟೆಯೊಳಗೆ ಪ್ರೆಡ್ನಿಸೊಲೋನ್ ಸ್ಟೀರಾಯ್ಡ್ ಆರಂಭಿಸಿದವರಲ್ಲಿ ಒಂಬತ್ತು ತಿಂಗಳಿಗೆ ಶೇ. 94 ಮಂದಿ ಗುಣವಾದರು, ಅದನ್ನು ಪಡೆಯದವರಲ್ಲಿ ಶೇ. 82. ಸಕ್ಕರೆ ಕಾಯಿಲೆಯಿದ್ದರೆ, ಗರ್ಭಿಣಿಯಾಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಈ ಕಾಯಿಲೆ ಅಂಥವರಲ್ಲಿ ಹೆಚ್ಚು, ಸ್ಟೀರಾಯ್ಡ್ ಸಕ್ಕರೆಯನ್ನೂ ಏರಿಸುತ್ತದೆ.

ಔಷಧಿ ಇಲ್ಲದೆಯೂ ಹತ್ತರಲ್ಲಿ ಸುಮಾರು ಏಳು ಜನ ಪೂರ್ತಿ ಗುಣವಾಗುತ್ತಾರೆ. ಪಾರಿವಾಳಕ್ಕೆ ಹೆಸರು ಬಂದದ್ದು ಹೀಗೇ ಇರಬೇಕು!

ನಾದಿನಿಯ ತುಟಿ ನಾಲ್ಕನೇ ವಾರದಲ್ಲಿ ಅಲುಗಿತು. ಹುಡುಗನ ಮನೆಗೆ ಅತ್ತೆಯೇ ಹೋಗಿ ಇದ್ದದ್ದು ಇದ್ದಂತೆ ಹೇಳಿ ಬಂದಿದ್ದರು. ನಿಕಾಹ್ ಗೊತ್ತಾದ ದಿನದಂದೇ ಆಯಿತು.

ಅವಳಿಗೆ ಹೆಚ್ಚು ಕಾಡಿದ್ದು ಕಣ್ಣು. ಮುಚ್ಚದ ಕಣ್ಣು ಒಣಗಿ ಗಾಯವಾಗುತ್ತದೆ. ಹಗಲು ಹನಿ ಔಷಧಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆಗೆ ಟೇಪು ಅಂಟಿಸುತ್ತಿದ್ದೆವು. ಮುಖ ವಾಲಿದವರ ಕಿವಿಯಲ್ಲಿ ನೀರುಗುಳ್ಳೆ ಕಂಡರೆ ಅದನ್ನೂ ವೈದ್ಯರಿಗೆ ತೋರಿಸಿ. ಅದು ಸಿಡುಬಲ್ಲ, ಚಿಕನ್‌ಪಾಕ್ಸಿನ ವೈರಸ್. ಅದಕ್ಕೆ ವೈರಸ್ ಔಷಧಿ ಬೇಕೇ ಬೇಕು.