ಹೊಳೆದಂಡೆಗೆ ಹೊರಟವರ ಚೀಲದಲ್ಲಿ

ವಾರ್ಷಿಕ ಪರೀಕ್ಷೆಯ ಕೊನೆಯ ಪೇಪರು ಮುಗಿಯಿತೆಂದರೆ ಯಾದಗಿರಿ, ಶಹಾಪುರ, ಸುರಪುರದ ಮನೆಗಳಲ್ಲಿ ಮಕ್ಕಳ ಹಠ ಶುರುವಾಗುತ್ತದೆ. ‘ಯವ್ವಾ, ನೀರಾಗ ಆಡಾಕ ಎಲ್ಲಿಗರೆ ಹೋಗಮು!’ ಬೆಂಗಳೂರಿನಲ್ಲಿರುವ ಕಾಕಾನ ಮಕ್ಕಳು ಬಿಡದಿಯ ವಾಟರ್ ಪಾರ್ಕಿಗೆ ಹೋಗಿ ಬಂದ ಕಥೆಯನ್ನು ಹೇಳಿ ಬಿಟ್ಟಿರುತ್ತಾರೆ. ಜಾರುಬಂಡೆಯಂತೆ, ಅಲೆ ಏಳುವ ಕೊಳವಂತೆ! ಆದರೆ ಬಿಡದಿಗೆ ಹೋಗಬೇಕೆಂದರೆ ರಾತ್ರಿಯಿಡೀ ರೈಲಿನಲ್ಲಿ ಕೂರಬೇಕು. ಅದು ಒಂದು ದಿನದ ಮಾತಲ್ಲ, ಎಲ್ಲರ ಕೈಗೆಟುಕುವ ಖರ್ಚೂ ಅಲ್ಲ.

ಹಾಗೆಂದು ಈ ಸೀಮೆಯಲ್ಲಿ ನೀರಿಗೆ ಬರವಿಲ್ಲ. 2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಬೇರೆಯಾದ ಈ ಜಿಲ್ಲೆಯಲ್ಲಿ ಕೃಷ್ಣೆಯೂ ಹರಿಯುತ್ತಾಳೆ, ಭೀಮೆಯೂ ಹರಿಯುತ್ತಾಳೆ. ಹಿಂದೆ ಸುರಪುರ ತಾಲ್ಲೂಕಿನಲ್ಲಿದ್ದು ಈಗ ಹುಣಸಗಿ ತಾಲ್ಲೂಕಿಗೆ ಸೇರಿರುವ ನಾರಾಯಣಪುರದಲ್ಲಿ ಬಸವಸಾಗರ ಜಲಾಶಯವಿದೆ. 1982ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟೆಯ ಉದ್ದ 10 ಕಿಲೋಮೀಟರಿಗೂ ಹೆಚ್ಚು, ಗೇಟುಗಳು 30. ಅದರ ಕೆಳಗೆ, ಹೊಳೆಯ ದಂಡೆಯಲ್ಲೇ ಛಾಯಾ ಭಗವತಿಯ ಗುಡಿ. ಇನ್ನೂ ಕೆಳಗೆ ಹೋದರೆ ತಿಂಥಣಿಯ ಮೌನೇಶ್ವರ. ಸುರಪುರದ ಹತ್ತಿರದಲ್ಲೇ ಬೋನಾಳದ ಕೆರೆ. ಸಂಕ್ರಾಂತಿಯ ದಿನ ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ದಂಡೆಯ ಮೇಲೆ ಬುತ್ತಿ ಬಿಚ್ಚಿ ಉಣ್ಣುವುದು ಇಲ್ಲಿಯವರಿಗೆ ಮುತ್ಯಾನ ಕಾಲದಿಂದ ಬಂದ ರೂಢಿ. ನೀರಿನ ಬಳಿ ಒಂದು ದಿನ ಕಳೆಯುವುದನ್ನು ಬೆಂಗಳೂರಿನವರು ಇವರಿಗೆ ಕಲಿಸಬೇಕಿಲ್ಲ.

ಆದರೂ ಒಂದು ವ್ಯತ್ಯಾಸವನ್ನು ತಂದೆತಾಯಿಗಳು ಮರೆಯಬಾರದು. ವಾಟರ್ ಪಾರ್ಕಿನ ಕೊಳದ ಅಂಚಿಗೆ ಆಳವೆಷ್ಟೆಂದು ಬರೆದಿರುತ್ತದೆ. ಮಗು ಒಂದು ಹೆಜ್ಜೆ ಮುಂದಿಟ್ಟರೆ ಕಾವಲುಗಾರ ಶಿಳ್ಳೆ ಊದುತ್ತಾನೆ. ಹೊಳೆಗೆ ಅಂಚಿನ ಬರಹವಿಲ್ಲ, ಶಿಳ್ಳೆ ಊದುವವರೂ ಇಲ್ಲ. ಆದ್ದರಿಂದ ಪಾರ್ಕಿನವರು ಮಾಡುವ ಕೆಲಸವನ್ನು ಇಲ್ಲಿ ಮನೆಯವರೇ ಮಾಡಬೇಕು. ಹಿಂದಿನ ರಾತ್ರಿ ಚೀಲ ತುಂಬುವಾಗಲೇ ಈ ಕೆಲಸ ಆರಂಭವಾಗಬೇಕು.

ಮೊದಲು ಚೀಲಕ್ಕೆ ಹೋಗಬೇಕಾದದ್ದು ಕುಡಿಯುವ ನೀರು. ನೀರಿದ್ದಲ್ಲಿಗೆ ನೀರು ಹೊರುವುದೇ ಎಂದು ನಗುವವರುಂಟು. ಹೊಳೆಯ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಹಾಗೆಯೇ ಕುಡಿಯಲು ಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಬಿಸಿಲು 40 ಡಿಗ್ರಿ ದಾಟುತ್ತದೆ. ತಣ್ಣನೆಯ ನೀರಿನಲ್ಲಿ ಆಡುವ ಮಗುವಿಗೆ ಬಾಯಾರಿದ್ದು ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ತಲೆ ಸುತ್ತುತ್ತಿರುತ್ತದೆ. ತಲೆಗೆ ಎರಡು ಮೂರು ಲೀಟರಿನಂತೆ ಮನೆಯ ನೀರು ಇರಲಿ. ನಾಲ್ಕಾರು ಲಿಂಬೆಹಣ್ಣು, ಸಣ್ಣ ಪೊಟ್ಟಣದಲ್ಲಿ ಸಕ್ಕರೆ, ಉಪ್ಪು, ಜೊತೆಗೊಂದು ಚಹಾ ಚಮಚ ಇರಲಿ. ವಾಂತಿಯೋ ಭೇದಿಯೋ ಆದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸಬೇಕು.

ಬುತ್ತಿಯ ವಿಷಯದಲ್ಲಿ ಈ ಸೀಮೆಯ ಅವ್ವಂದಿರಿಗೆ ಯಾರೂ ಪಾಠ ಹೇಳಬೇಕಿಲ್ಲ. ಕಟಕ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಉಳ್ಳಾಗಡ್ಡಿ, ಸೌತೆಕಾಯಿ ಇವು ಬಿಸಿಲಿಗೆ ಹಳಸುವುದಿಲ್ಲ. ಅನ್ನ ಸಾರು, ಹಸಿ ಕೊಬ್ಬರಿಯ ಚಟ್ನಿ ಮಧ್ಯಾಹ್ನದವರೆಗೆ ತಾಳುವುದು ಕಷ್ಟ. ಮಕ್ಕಳ ಬಾಯಾಡಿಸಲು ಚುರುಮುರಿ, ಹುರಿದ ಶೇಂಗಾ, ಬೆಲ್ಲ ಸಾಕು. ಉಂಡ ಮೇಲೆ ಎಲೆ, ಕಾಗದ, ಪ್ಲಾಸ್ಟಿಕ್ ತುಂಬಿಕೊಂಡು ಬರಲು ಒಂದು ಖಾಲಿ ಚೀಲ ಬೇರೆಯೇ ಇರಲಿ. ಕೆಳಗಿನ ಊರಿನವರು ಕುಡಿಯುವುದೂ ಇದೇ ಹೊಳೆಯ ನೀರನ್ನು.

ಇನ್ನು ಬಟ್ಟೆ. ವಾಟರ್ ಪಾರ್ಕುಗಳಲ್ಲಿ ನೈಲಾನ್ ಉಡುಪು ಕೇಳುವುದಕ್ಕೆ ಕಾರಣವಿದೆ. ದಪ್ಪ ಹತ್ತಿ ಬಟ್ಟೆ ನೀರು ಹೀರಿ ಭಾರವಾಗುತ್ತದೆ, ಜೀನ್ಸ್ ಪ್ಯಾಂಟಂತೂ ಕಾಲನ್ನು ಕೆಳಕ್ಕೆ ಎಳೆಯುತ್ತದೆ. ಹೊಳೆಗೂ ಇದೇ ಮಾತು. ಮಕ್ಕಳಿಗೆ ತೆಳುವಾದ, ಮೈಗೆ ಹೊಂದುವ ಚಡ್ಡಿ, ಬನಿಯನ್ ಸಾಕು. ಹರಿಯುವ ನೀರಿನಲ್ಲಿ ಸೀರೆಯ ಸೆರಗು, ಓಢಣಿ ಕಾಲಿಗೆ ಸುತ್ತಿಕೊಳ್ಳುತ್ತವೆ ಎಂಬುದನ್ನು ಹೆಣ್ಣುಮಕ್ಕಳು ನೆನಪಿಡಬೇಕು. ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರದಂತೆ ಹಿಂದೆ ಪಟ್ಟಿ ಇರುವ ಚಪ್ಪಲಿ, ತಲೆಗೊಂದು ಟೊಪ್ಪಿಗೆ ಅಥವಾ ರುಮಾಲು, ಮೈ ಒರೆಸಲು ಟವೆಲ್, ತಲೆಗೊಂದು ಒಣ ಜೊತೆ ಬಟ್ಟೆ ಇರಲಿ. ಬಂಗಾರವನ್ನು ಮನೆಯಲ್ಲೇ ಬಿಡುವುದು ಜಾಣತನ.

ಈಗ ಯಾರೂ ಕಟ್ಟದ, ಎಲ್ಲರೂ ಕಟ್ಟಲೇಬೇಕಾದ ಮೂರು ಸಾಮಾನು. ಒಂದು, ಹತ್ತು ಹನ್ನೆರಡು ಮೀಟರ್ ಗಟ್ಟಿ ಹಗ್ಗ. ಎರಡು, ಮುಚ್ಚಳ ಬಿಗಿಯಾಗಿ ಕೂರುವ ಐದು ಲೀಟರಿನ ಖಾಲಿ ಪ್ಲಾಸ್ಟಿಕ್ ಕ್ಯಾನು. ಮೂರು, ಆಟದ ಮಾಸ್ತರರು ಊದುವಂಥ ಒಂದು ಶಿಳ್ಳೆ. ಹಗ್ಗದ ತುದಿಗೆ ಕ್ಯಾನು ಕಟ್ಟಿ ಎಸೆದರೆ ಮುಳುಗುವವನಿಗೆ ತೇಲುವ ಆಧಾರ ಸಿಗುತ್ತದೆ; ದಂಡೆಯ ಮೇಲಿದ್ದೇ ಎಳೆದುಕೊಳ್ಳಬಹುದು. ಒಬ್ಬ ಮಗನನ್ನು ಹಿಡಿಯಲು ಅಣ್ಣ ಹಾರುತ್ತಾನೆ, ಅಣ್ಣನನ್ನು ಹಿಡಿಯಲು ಅಪ್ಪ ಹಾರುತ್ತಾನೆ. ಒಂದೇ ಮನೆಯ ಇಬ್ಬರು ಮೂವರು ಒಟ್ಟಿಗೆ ಹೋಗುವುದು ಹೀಗೆಯೇ. ಮುಳುಗುವವನು ಕೈಗೆ ಸಿಕ್ಕವರನ್ನು ಬಲವಾಗಿ ತಬ್ಬುತ್ತಾನೆ. ಈಜು ಬಂದವನನ್ನೂ ಮುಳುಗಿಸುತ್ತಾನೆ. ಹಗ್ಗವಿಲ್ಲದಿದ್ದರೆ ಸೀರೆ, ಧೋತರ, ಉದ್ದನೆಯ ಕೋಲು ಯಾವುದಾದರೂ ಸರಿ, ಎಸೆಯಬೇಕು. ಹಾರಬಾರದು. ಮೇಲೆತ್ತಿದವರನ್ನು ತಲೆಕೆಳಗು ಮಾಡುವುದು, ಹೊಟ್ಟೆ ಒತ್ತುವುದು ತಪ್ಪು. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಯಿಟ್ಟು ಉಸಿರು ಊದಬೇಕು, ಎದೆಯ ನಡುವೆ ಒತ್ತಬೇಕು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಬೇಕು.

ಶಿಳ್ಳೆ ಒಬ್ಬ ಹಿರಿಯರ ಕೊರಳಲ್ಲಿರಲಿ. ಅವರ ಕೈಯಲ್ಲಿ ಮೊಬೈಲ್ ಬೇಡ, ಇಸ್ಪೀಟ್ ಎಲೆ ಬೇಡ; ಕಣ್ಣು ನೀರಿನ ಮೇಲೆಯೇ ಇರಬೇಕು. ಗಂಟೆಗೊಮ್ಮೆ ಪಾಳಿ ಬದಲಾಗಲಿ. ಮಕ್ಕಳು ಮೊಣಕಾಲಿಗಿಂತ ಆಳಕ್ಕೆ ಹೋಗದಿರಲಿ. ಕೃಷ್ಣೆಯಲ್ಲಿ ಮಡುಗಳಿವೆ, ಮೊಸಳೆಗಳೂ ಇವೆ. ಊರಿನವರು ದಿನವೂ ಇಳಿಯುವ ಘಾಟು ಯಾವುದೆಂದು ಕೇಳಿ ತಿಳಿದು, ಅಲ್ಲಿ ಮಾತ್ರ ಇಳಿಯಬೇಕು. ದಾರಿಯಲ್ಲಿ ಸಿಗುವ ನಾರಾಯಣಪುರ ಎಡದಂಡೆ ಕಾಲುವೆಗೆ ಮಾತ್ರ ಯಾರೂ ಇಳಿಯಬಾರದು. ಅದರ ಇಳಿಜಾರು ಗೋಡೆ ಪಾಚಿಯಿಂದ ನುಣುಪಾಗಿರುತ್ತದೆ. ಇಳಿಯುವುದು ಸುಲಭ, ಹತ್ತುವುದು ಆಗದ ಮಾತು.

ಹೊರಡುವ ಹಿಂದಿನ ದಿನ ಹೊಳೆಗೆ ನೀರು ಬಿಟ್ಟಿದ್ದಾರೆಯೇ ಎಂದು ವಿಚಾರಿಸುವುದೂ ತಯಾರಿಯ ಭಾಗವೇ. ಇಲ್ಲಿ ಹನಿ ಮಳೆ ಬೀಳದಿದ್ದರೂ ಕೃಷ್ಣೆ ಹುಟ್ಟುವ ಮಹಾಬಲೇಶ್ವರದ ಕಡೆ ಮಳೆ ಹಿಡಿದರೆ ಆಲಮಟ್ಟಿ ತುಂಬುತ್ತದೆ, ಬಳಿಕ ಬಸವಸಾಗರ ತುಂಬುತ್ತದೆ, ಗೇಟು ಏಳುತ್ತದೆ. ಪ್ರವಾಹ ಬಂದಾಗ ಛಾಯಾ ಭಗವತಿಯ ಮೆಟ್ಟಿಲುಗಳು ನೀರಿನಲ್ಲಿ ಕಾಣೆಯಾಗುತ್ತವೆ. ನೀಲಕಂಠರಾಯನಗಡ್ಡಿಯ ಜನ ನಡುಗಡ್ಡೆಯಲ್ಲೇ ಉಳಿಯಬೇಕಾಗಿ ಬಂದದ್ದೂ ಉಂಟು. 2009ರ, 2019ರ ಮಹಾಪೂರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥ ದಿನಗಳಲ್ಲಿ ಹೊಳೆಯನ್ನು ದೂರದಿಂದ ನೋಡಿ ಕೈ ಮುಗಿದು ಬರಬೇಕು.

ನೀರಿಗೆ ಇಳಿಯದೆಯೂ ನೀರಿನ ದಿನ ಕಳೆಯಬಹುದು. ಅದಕ್ಕೆ ಬೋನಾಳವಿದೆ. ಸುರಪುರದ ನಾಯಕ ಅರಸರು ಕಟ್ಟಿಸಿದ ಈ ಕೆರೆಯನ್ನು 19ನೇ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ವಿಸ್ತರಿಸಿದ. ಈಗ ಅದು ಪಕ್ಷಿಧಾಮ. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ. ಅಲ್ಲಿಗೆ ಹೋಗುವವರ ಚೀಲದಲ್ಲಿ ದುರ್ಬೀನು, ನೋಟುಪುಸ್ತಕ, ಪೆನ್ಸಿಲ್ ಇರಲಿ. ಮೈಮೇಲೆ ಕೆಂಪು, ಹಳದಿ ಬಟ್ಟೆ ಬೇಡ. ಮಕ್ಕಳು ತಾವು ಕಂಡ ಹಕ್ಕಿಯ ಕೊಕ್ಕು, ಕಾಲು, ಬಣ್ಣ ಬರೆದುಕೊಂಡು ಬಂದರೆ ರಜೆಯಲ್ಲೇ ಒಂದು ಪಾಠ ಮುಗಿದಂತೆ.

ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ. ಯಾದಗಿರಿಯವರು ಬೆಳಗಿನ ಬಸ್ಸನ್ನೇ ಹಿಡಿಯಬೇಕು. ಕಿಟಕಿಯ ಬದಿಯ ಸೀಟು ಮಕ್ಕಳಿಗಿರಲಿ. ಶಹಾಪುರ ಸಮೀಪಿಸುತ್ತಿದ್ದಂತೆ ಸಾಲು ಗುಡ್ಡಗಳು ಮಲಗಿದ ಬುದ್ಧನಂತೆ ಕಾಣುತ್ತವೆ. ಹಣೆ ಯಾವುದು, ಮೂಗು ಯಾವುದು ಎಂದು ಹುಡುಕುವುದರಲ್ಲಿ ದಾರಿ ಸವೆಯುತ್ತದೆ.

ಸಂಜೆ ಹೊತ್ತು ಮುಳುಗುವ ಮೊದಲೇ ದಂಡೆ ಬಿಟ್ಟು ಮೇಲೆ ಬರಬೇಕು. ಬಸ್ಸು ಹತ್ತುವ ಮುನ್ನ ಒಮ್ಮೆ ತಲೆ ಎಣಿಸಬೇಕು. ಬುತ್ತಿಯ ಡಬ್ಬಿ ಖಾಲಿಯಾಗಿ, ಹಗ್ಗ ಮಾತ್ರ ಮನೆಯಲ್ಲಿ ಸುತ್ತಿಟ್ಟ ಹಾಗೆಯೇ ಚೀಲದ ತಳದಲ್ಲಿದ್ದರೆ ಆ ದಿನ ಚೆನ್ನಾಗಿ ಕಳೆಯಿತೆಂದೇ ಅರ್ಥ.